ಹಳೇ ಮಷಿನ್, ವಿಂಡೋಸ್ ಗೇಮ್, ಲಿನಕ್ಸ್: ಪರದೆ ಕೈಕೊಟ್ಟಾಗ ಹಿಡಿಯಬೇಕಾದ ಸೂತ್ರಗಳು

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈ ಬಿಟ್ಟಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಬೇಕು ಎನ್ನುತ್ತದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹುಡುಗರ ಕೈಗೆ ಸಿಗುವ ಕಂಪ್ಯೂಟರ್ ಎಂದರೆ ಯಾವುದೋ ಆಫೀಸಿನಲ್ಲೋ ಪ್ರಿಂಟಿಂಗ್ ಪ್ರೆಸ್ಸಿನಲ್ಲೋ ಹತ್ತು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಆಗಿ ಬಂದ ಡೆಲ್ಲೋ ಎಚ್‌ಪಿಯೋ. ಅದಕ್ಕೆ 11 ಹತ್ತುವುದಿಲ್ಲ. ಹೀಗಾಗಿ ಲಿನಕ್ಸ್ ಮಿಂಟ್ ಬರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕೇರಳದ ಕೈಟ್ ಸಂಸ್ಥೆಯ ಉಬುಂಟು ಲಿನಕ್ಸ್ ಶಾಲೆಯ ಲ್ಯಾಬಿನಲ್ಲೇ ಸಿಗುತ್ತದೆ; ನಮ್ಮ ಕಡೆ ಲಿನಕ್ಸ್ ಮನೆಗೆ ಬರುವುದು ಇಂಥ ಹಿತ್ತಲ ಬಾಗಿಲಿನಿಂದ. ಆಡುವ ಗೇಮ್ ಮಾತ್ರ ಹಳೆಯವೇ: ವೈಸ್ ಸಿಟಿ, ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್, ಏಜ್ ಆಫ್ ಎಂಪೈರ್ಸ್, ಕೌಂಟರ್ ಸ್ಟ್ರೈಕ್.

ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳನ್ನು ಬರೆದವರ ಹತ್ತಿರ ಹೊಸ ಕಾರ್ಡ್ ಇರುತ್ತದೆ. ಎಲ್ಲಕ್ಕೂ ಅವರದು ಒಂದೇ ಮಾತು: ಹೊಸದನ್ನು ಹಾಕಿ. ನಮ್ಮ ಡಬ್ಬಿಗಳಲ್ಲಿ ಅರ್ಧ ತೊಂದರೆ ಹುಟ್ಟುವುದೇ ಹೊಸದನ್ನು ಹಾಕಿದ್ದರಿಂದ.

1. ಗೇಮಿಗೂ ಚಿಪ್ಪಿಗೂ ನಡುವೆ ಯಾರ್‍ಯಾರು ನಿಂತಿದ್ದಾರೆ, ತಿಳಿದುಕೊಳ್ಳಿ.

ವಿಂಡೋಸ್ ಗೇಮ್ ಚಿತ್ರ ಬಿಡಿಸು ಎಂದು ಕೇಳುವುದು ಡೈರೆಕ್ಟ್3ಡಿ ಭಾಷೆಯಲ್ಲಿ. ಲಿನಕ್ಸ್‌ನ ಡ್ರೈವರ್‌ಗೆ ಬರುವುದು ಓಪನ್‌ಜಿಎಲ್ ಮತ್ತು ವಲ್ಕನ್. ನಡುವೆ ದುಭಾಷಿ ಬೇಕು. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ, 1993ರಲ್ಲಿ ಶುರುವಾದ ವೈನ್‌ನಲ್ಲಿ ಮೊದಲಿನಿಂದ ಇರುವ ದುಭಾಷಿ ವೈನ್‌ಡಿ3ಡಿ. ಅದು ಓಪನ್‌ಜಿಎಲ್‌ಗೆ ತಿರುಗಿಸುತ್ತದೆ. ಫಿಲಿಪ್ ರೆಬೋಲೆ ಬರೆದ ಡಿಎಕ್ಸ್‌ವಿಕೆ ವಲ್ಕನ್‌ಗೆ ತಿರುಗಿಸುತ್ತದೆ. ಡೈರೆಕ್ಟ್3ಡಿ 8ರಿಂದ 11ರವರೆಗಿನದು ಅದರ ಪಾಲು. 12ಕ್ಕೆ ವಿಕೆಡಿ3ಡಿ-ಪ್ರೋಟಾನ್. ಬೆಂಗಳೂರಿನ ಧ್ರುವ ಇಂಟರ್‍ಯಾಕ್ಟಿವ್‌ನ ಕಲಾವಿದರೂ ಕೈಯಾಡಿಸಿದ ಫೋರ್ಜಾ ಸರಣಿಯ ಈಚಿನ ಗೇಮ್‌ಗಳು ಈ ಮೂರನೆಯದರ ದಾರಿಯವು, ನಮ್ಮ ಹಳೇ ಡಬ್ಬಿಗೆ ಎಟುಕುವಂಥವಲ್ಲ. ಗೇಮ್ ಮಾರುವ ಸ್ಟೀಮ್‌ನ ಪ್ರೋಟಾನ್ 2018ರ ಆಗಸ್ಟ್‌ನಲ್ಲಿ ಬಂತು. ಅದು ವೈನ್ ಮತ್ತು ಈ ದುಭಾಷಿಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತದೆ.

ಪರದೆ ಕೆಟ್ಟರೆ ತಪ್ಪು ಚಿಪ್ಪು, ಡ್ರೈವರ್, ದುಭಾಷಿ, ಗೇಮ್ ಈ ನಾಲ್ಕರಲ್ಲಿ ಒಂದರದು. ಕೆಳಗಿನಿಂದ ಮೇಲಕ್ಕೆ ಹುಡುಕಿ. ಗೇಮನ್ನು ಮೂರು ಸಲ ಅಳಿಸಿ ಮೂರು ಸಲ ಹಾಕುವವರು ಮೇಲಿನಿಂದ ಶುರು ಮಾಡಿರುತ್ತಾರೆ.

2. ರೆಂಡರರ್ ಸಾಲು ಓದಿ.

ಮಿಂಟ್‌ನ ಮೆನುವಿನಲ್ಲಿ ಸಿಸ್ಟಮ್ ರಿಪೋರ್ಟ್ಸ್ ತೆರೆದು ಗ್ರಾಫಿಕ್ಸ್ ಭಾಗ ನೋಡಿ. ರೆಂಡರರ್ ಎಂಬಲ್ಲಿ ಇಂಟೆಲ್, ಎನ್‌ವಿಡಿಯಾ, ಎಎಂಡಿ ಈ ಮೂರರಲ್ಲಿ ಒಂದು ಹೆಸರು ಇರಬೇಕು. ಎಲ್‌ಎಲ್‌ವಿಎಂಪೈಪ್ ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಕೆಲಸಕ್ಕೇ ಇಳಿದಿಲ್ಲ, ಪಾಪದ ಪ್ರೊಸೆಸರ್ ಒಬ್ಬಂಟಿಯಾಗಿ ಚಿತ್ರ ಬಿಡಿಸುತ್ತಿದೆ ಎಂದರ್ಥ. ಆಗ ವೈನ್ ಮುಟ್ಟಲು ಹೋಗಬೇಡಿ, ಡ್ರೈವರ್ ಸರಿಮಾಡಿ. ಡೆಸ್ಕ್‌ಟಾಪ್ ಚೆನ್ನಾಗಿಯೇ ಓಡುತ್ತಿರುತ್ತದೆ, ಅದೇ ಮೋಸ. ಗೇಮ್ ತೆರೆದಾಗಲೇ ಬಣ್ಣ ಬಯಲಾಗುವುದು.

3. ತಲೆಮಾರು ನೋಡಿ, ಆಮೇಲೆ ದುಭಾಷಿಯನ್ನು ಆರಿಸಿ.

ಮುಂಡರಗಿಯ ಹುಡುಗನೊಬ್ಬ ಬೆಟಗೇರಿಯಲ್ಲಿರುವ ತನ್ನ ದೊಡ್ಡಪ್ಪನ ಮಗನಿಗೆ ಫೋನ್ ಹಚ್ಚಿದ ಅನ್ನಿ.

"ಅಣ್ಣಾ, ಮೋಸ್ಟ್ ವಾಂಟೆಡ್ ಒತ್ತಿದ್ರ ಒಂದ್ ಸಲ ಕರ್ರಗ ಆಗಿ ಬಂದ್ ಆಗಾಕತ್ತೈತಿ."

"ಕಾರ್ಡ್ ಯಾವ್ದ್ ಐತಿ?"

"ಕಾರ್ಡ್ ಹಾಕ್ಸಿಲ್ಲಣ್ಣಾ. ಐ5 ಐತಿ."

"ಐ5 ಮುಂದ ನಂಬರ್ ಏನೈತಿ ನೋಡಪಾ."

"3470."

"ಹಂಗಾರ ಡಿಎಕ್ಸ್‌ವಿಕೆ ಬಂದ್ ಮಾಡಿ ನೋಡು."

ವಿಷಯ ಇಷ್ಟೇ. ನಾಲ್ಕಂಕಿಯ ಇಂಟೆಲ್ ನಂಬರಿನ ಮೊದಲ ಅಂಕಿಯೇ ತಲೆಮಾರು: 2400 ಎಂದರೆ 2ನೆಯದು, 3470 ಎಂದರೆ 3ನೆಯದು, 4570 ಎಂದರೆ 4ನೆಯದು. 2ನೇ ತಲೆಮಾರಿನ ಒಳಚಿಪ್ಪಿಗೆ, ಅಂದರೆ ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಚಿಪ್ಪಿಗೆ, ವಲ್ಕನ್ ಇಲ್ಲವೇ ಇಲ್ಲ. 3 ಮತ್ತು 4ಕ್ಕೆ ಇದೆ, ಆದರೆ ಅರೆಬರೆ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0 ಪೂರ್ತಿ ವಲ್ಕನ್ 1.3 ಕೇಳಲು ಶುರುಮಾಡಿತು. ಅಂದಿನಿಂದ ಈ ಮಷಿನ್‌ಗಳಲ್ಲಿ ಅದು ಚಿಪ್ಪೇ ಕಾಣುತ್ತಿಲ್ಲ ಎಂದು ಕೈ ಚೆಲ್ಲುತ್ತದೆ, ಗೇಮ್ ಮುಚ್ಚಿಕೊಳ್ಳುತ್ತದೆ. 6ನೇ ತಲೆಮಾರಿನಿಂದ ಮುಂದಕ್ಕೆ ಈ ತಂಟೆ ಇಲ್ಲ.

ಹಾಗಾಗಿ 2ನೇ ತಲೆಮಾರಿನವರು ಡಿಎಕ್ಸ್‌ವಿಕೆ ಸಹವಾಸಕ್ಕೇ ಹೋಗಬೇಡಿ. ವೈನ್ ಗೇಮ್‌ಗಳನ್ನು ಜೋಡಿಸಿ ಓಡಿಸುವ ಲೂಟ್ರಿಸ್ ಎಂಬ ತಂತ್ರಾಂಶದಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾನ್ಫಿಗರ್, ಆಮೇಲೆ ರನ್ನರ್ ಆಪ್ಷನ್ಸ್‌ಗೆ ಹೋಗಿ. ಡಿಎಕ್ಸ್‌ವಿಕೆ ಎಂಬ ಸ್ವಿಚ್ ಇದೆ, ಆರಿಸಿ. ಕೆಲಸ ವೈನ್‌ಡಿ3ಡಿಗೆ ಹೋಗುತ್ತದೆ. 3 ಮತ್ತು 4ನೇ ತಲೆಮಾರಿನವರು ಮೊದಲು ಇದನ್ನೇ ಮಾಡಿ ನೋಡಿ. ಆಟ ನಿಧಾನವೆನಿಸಿದರೆ ಅದೇ ಪುಟದಲ್ಲಿ ಡಿಎಕ್ಸ್‌ವಿಕೆ ಆವೃತ್ತಿಯನ್ನು 1.10.3ಕ್ಕೆ ಇಳಿಸಿ ಪರೀಕ್ಷಿಸಿ. ಸ್ಟೀಮ್‌ನಲ್ಲಾದರೆ ಗೇಮಿನ ಪ್ರಾಪರ್ಟೀಸ್‌ನಲ್ಲಿ ಲಾಂಚ್ ಆಪ್ಷನ್ಸ್ ಎಂಬ ಖಾಲಿ ಸಾಲಿದೆ. ಪ್ರೋಟಾನ್ ಯೂಸ್ ವೈನ್‌ಡಿ3ಡಿ ಎಂಬ ಮೂರು ಪದಗಳನ್ನು ದೊಡ್ಡಕ್ಷರದಲ್ಲಿ ಅಂಡರ್‌ಸ್ಕೋರ್‌ನಿಂದ ಜೋಡಿಸಿ, ಈಕ್ವಲ್ ಗುರುತು, 1, ಒಂದು ಸ್ಪೇಸ್, ಕೊನೆಗೆ ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ಸಣ್ಣಕ್ಷರದಲ್ಲಿ ಕಮಾಂಡ್ ಎಂದು ಬರೆಯಬೇಕು.

ವೈನ್‌ಡಿ3ಡಿ ಹಳೆಯದು, ನಿಧಾನ, ಬಳಸಬೇಡಿ ಎಂದು ಎಲ್ಲೆಲ್ಲೂ ಬರೆದಿರುತ್ತದೆ. 2005ರ ಗೇಮಿಗೆ, 2012ರ ಚಿಪ್ಪಿಗೆ ಅದು ಸಾಕು.

4. ಕಾರ್ಡ್ ಇದ್ದವರು ಡ್ರೈವರ್ ಸರಣಿಯ ನಂಬರ್ ಬರೆದಿಟ್ಟುಕೊಳ್ಳಿ.

ಎನ್‌ವಿಡಿಯಾದ ಜಿಟಿ 710ಕ್ಕೆ 470 ಸರಣಿಯ ಡ್ರೈವರೇ ಕೊನೆ. ಅದರ ವಲ್ಕನ್ 1.2ರಲ್ಲಿ ನಿಂತಿದೆ, ಆದ್ದರಿಂದ ಇಲ್ಲಿಯೂ ಡಿಎಕ್ಸ್‌ವಿಕೆ 1.10.3 ದಾಟಬೇಡಿ. ಜಿಟಿಎಕ್ಸ್ 750 ಟಿಐ, 1050 ಟಿಐ ಇದ್ದವರಿಗೆ 580 ಸರಣಿ ಕೊನೆಯದು; ಅದರ ಮೇಲಿನದನ್ನು ಹಾಕಿದರೆ ಡ್ರೈವರ್ ಕಾರ್ಡನ್ನು ಗುರುತಿಸುವುದಿಲ್ಲ. ಜಿಟಿ 730 ಕೊಳ್ಳುವವರು ಎಚ್ಚರ. ಅದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್ ಮಾರಾಟವಾಗಿವೆ, ಹಳೆಯದಕ್ಕೆ ವಲ್ಕನ್ ಇಲ್ಲ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ತಾನೇ ರೆಕಮೆಂಡೆಡ್ ಎಂದು ತೋರಿಸಿದ್ದನ್ನು ಹಾಕಿ, ಎನ್‌ವಿಡಿಯಾ ಸೈಟಿನಿಂದ ಫೈಲ್ ಇಳಿಸಿ ಓಡಿಸಲು ಹೋಗಬೇಡಿ. ಮುಂದಿನ ಕರ್ನಲ್ ಅಪ್‌ಡೇಟ್ ಬಂದ ದಿನ ಅದು ಮುರಿದು ಬೀಳುವ ಸಂಭವ ಹೆಚ್ಚು.

ಹೊಸ ಲ್ಯಾಪ್‌ಟಾಪ್‌ನಲ್ಲಿ ಡ್ರೈವರ್ ಹಾಕಿದ ಮೇಲೂ ರೆಂಡರರ್‌ನಲ್ಲಿ ಎನ್‌ವಿಡಿಯಾ ಬರದಿದ್ದರೆ ಸೆಕ್ಯೂರ್ ಬೂಟ್ ಅಡ್ಡ ನಿಂತಿರಬಹುದು. ಅದನ್ನು ಬಯಾಸ್‌ನಲ್ಲಿ ಆರಿಸಿ, ಇಲ್ಲವೇ ಡ್ರೈವರ್ ಹಾಕುವಾಗ ಕೇಳಿದ್ದ ಪಾಸ್‌ವರ್ಡನ್ನು ರೀಸ್ಟಾರ್ಟ್ ಆಗುವಾಗ ಬರುವ ನೀಲಿ ಪುಟದಲ್ಲಿ ಕೊಡಿ. ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಸುಮ್ಮನೆ ಇಂಟೆಲ್ ಮೇಲೆ ಓಡುತ್ತಿರುತ್ತದೆ. ಲೂಟ್ರಿಸ್‌ನ ಸಿಸ್ಟಮ್ ಆಪ್ಷನ್ಸ್‌ನಲ್ಲಿ ಯಾವ ಜಿಪಿಯು ಎಂದು ನೀವೇ ಹೇಳಬೇಕು.

ಎಎಂಡಿಯಲ್ಲಿ ಎಚ್‌ಡಿ 5450, 6450ಯಂಥವಕ್ಕೆ ವಲ್ಕನ್ ಇಲ್ಲ, ವೈನ್‌ಡಿ3ಡಿ ಒಂದೇ ಗತಿ. ಆರ್7 240 ಇದ್ದವರಿಗೆ ಮಾತ್ರ ಒಂದು ಬಚ್ಚಿಟ್ಟ ಲಾಭವಿದೆ. ಹಿಂದಿನ ಕರ್ನಲ್‌ಗಳು ಅದಕ್ಕೆ ರೇಡಿಯಾನ್ ಎಂಬ ಹಳೇ ಡ್ರೈವರ್ ಹಚ್ಚುತ್ತವೆ, ವಲ್ಕನ್ ಸಿಗುವುದಿಲ್ಲ. ಬೂಟ್ ಸಾಲಿನಲ್ಲಿ ರೇಡಿಯಾನ್‌ನ ಎಸ್‌ಐ ಸಪೋರ್ಟ್ 0, ಎಎಂಡಿಜಿಪಿಯುನ ಎಸ್‌ಐ ಸಪೋರ್ಟ್ 1 ಎಂದು ಮಾಡಿದರೆ ಅದೇ ಕಾರ್ಡಿಗೆ ವಲ್ಕನ್ ಬರುತ್ತದೆ, ಪೈಸೆ ಖರ್ಚಿಲ್ಲದೆ.

5. ಗೇಮ್ 32 ಬಿಟ್, ಡ್ರೈವರ್ 64 ಬಿಟ್. ಇದನ್ನು ಮರೆತವರೇ ಹೆಚ್ಚು.

ವೈಸ್ ಸಿಟಿಯ ಕಾಲದ ಗೇಮ್‌ಗಳೆಲ್ಲ 32 ಬಿಟ್. ನಿಮ್ಮ ಮಿಂಟ್ 64 ಬಿಟ್. 64 ಬಿಟ್‌ನ ಡ್ರೈವರ್ ಸರಿಯಾಗಿದ್ದರೂ ಅದರ 32 ಬಿಟ್ ಜೋಡಿ ಇಲ್ಲದಿದ್ದರೆ ಗೇಮ್ ಏಳುವುದಿಲ್ಲ, ಎದ್ದರೂ ಬಸವನಹುಳುವಿನಂತೆ ತೆವಳುತ್ತದೆ. ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ತೆರೆದು ಮೆಸಾ ವಲ್ಕನ್ ಡ್ರೈವರ್ಸ್ ಮತ್ತು ಲಿಬ್‌ಜಿಎಲ್1 ಮೆಸಾ ಡಿಆರ್‌ಐ ಎಂದು ಹುಡುಕಿ, ಹೆಸರಿನ ಕೊನೆಗೆ ಐ386 ಎಂದಿರುವುದಕ್ಕೆ ಟಿಕ್ ಮಾಡಿ. ಎನ್‌ವಿಡಿಯಾದವರು ತಮ್ಮ ಸರಣಿ ನಂಬರಿನದೇ ಐ386 ಪ್ಯಾಕೇಜ್ ಹಾಕಬೇಕು.

ಸ್ಟೀಮನ್ನೋ ಲೂಟ್ರಿಸನ್ನೋ ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿಕೊಂಡಿದ್ದರೆ ಲೆಕ್ಕ ಬೇರೆ. ಅದು ತನ್ನದೇ ಡ್ರೈವರ್ ಬುತ್ತಿ ಹೊತ್ತು ತಿರುಗುತ್ತದೆ. ಎನ್‌ವಿಡಿಯಾ ಡ್ರೈವರ್ ಅಪ್‌ಡೇಟ್ ಆದ ಮರುದಿನವೇ ಎಲ್ಲ ಗೇಮ್ ಒಟ್ಟಿಗೆ ನಿಂತರೆ ಫ್ಲ್ಯಾಟ್‌ಪ್ಯಾಕನ್ನೂ ಅಪ್‌ಡೇಟ್ ಮಾಡಿ. ಎರಡರ ನಂಬರ್ ಹೊಂದಬೇಕು.

6. ಕೆಟ್ಟ ಚಿತ್ರವೇ ಸುಳಿವು.

ಆಟ ನಡೆಯುತ್ತದೆ, ಕಥೆಯ ವಿಡಿಯೋ ಬರುವ ಜಾಗದಲ್ಲಿ ಮಾತ್ರ ಹಳೇ ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಬರುತ್ತಿದ್ದಂಥ ಬಣ್ಣದ ಪಟ್ಟಿಗಳು: ಗ್ರಾಫಿಕ್ಸ್ ತಪ್ಪಲ್ಲ, ವಿಡಿಯೋ ಕೋಡೆಕ್ ಇಲ್ಲ. ಪ್ರೋಟಾನ್-ಜಿಇ ಎಂಬ ಆವೃತ್ತಿ ಹಾಕಿ ನೋಡಿ.

ಮೆನು ಬರುತ್ತದೆ, ಅಕ್ಷರಗಳಿಲ್ಲ: ಫಾಂಟ್ ಕೊರತೆ. ವೈನ್‌ಗೆ ಬೇಕಾದ ಬಿಡಿಭಾಗ ಹಾಕಿಕೊಡುವ ವೈನ್‌ಟ್ರಿಕ್ಸ್‌ನಲ್ಲಿ ಕೋರ್‌ಫಾಂಟ್ಸ್ ಹಾಕಿ.

ರಸ್ತೆ ಇದೆ, ಗೋಡೆ ಇದೆ, ಪಾತ್ರಗಳು ಮಾತ್ರ ಕರಿ ನೆರಳು: ಬಣ್ಣ-ಬೆಳಕಿನ ಲೆಕ್ಕ ಹಾಕುವ ಶೇಡರ್‌ಗಳ ಗಲಾಟೆ. ವೈನ್‌ಟ್ರಿಕ್ಸ್‌ನಲ್ಲಿ ಡಿ3ಡಿಎಕ್ಸ್9 ಮತ್ತು ಡಿ3ಡಿಕಂಪೈಲರ್ 47. ಆದರೆ ಗೇಮ್ ಸಿಡಿಯಲ್ಲಿರುವ ಇಡೀ ಡೈರೆಕ್ಟ್‌ಎಕ್ಸ್ ಇನ್‌ಸ್ಟಾಲರ್ ಓಡಿಸುವುದು ಬೇಡ. ದುಭಾಷಿಯ ಜಾಗದಲ್ಲಿ ವಿಂಡೋಸ್‌ನ ಮೂಲ ಫೈಲ್ ಬಂದು ಕೂತರೆ ಅದಕ್ಕೆ ಲಿನಕ್ಸ್ ಡ್ರೈವರ್ ಜೊತೆ ಮಾತೇ ಬರುವುದಿಲ್ಲ.

ಬಯಾಸ್ ಪುಟದಲ್ಲೂ ಗೀರು, ಬಣ್ಣದ ಚೌಕಗಳು: ಯಾವ ಸಾಫ್ಟ್‌ವೇರ್ ಸೂತ್ರವೂ ಬೇಡ. ಕೇಬಲ್ ಬದಲಿಸಿ ನೋಡಿ, ಹೋಗದಿದ್ದರೆ ಕಾರ್ಡ್ ಸಾಯುತ್ತಿದೆ.

7. ವರ್ಚುವಲ್ ಡೆಸ್ಕ್‌ಟಾಪ್ ಎಂಬ ಸ್ವಿಚ್ಚಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ಹಳೇ ಗೇಮ್‌ಗಳಿಗೆ ಇಡೀ ಪರದೆ ತಮ್ಮದೇ ಎಂಬ ಹಟ. ಮಾನಿಟರನ್ನು 640×480ಕ್ಕೆ ಇಳಿಸುತ್ತವೆ, ನಡುವೆ ಸತ್ತರೆ ಹಾಗೇ ಬಿಟ್ಟು ಹೋಗುತ್ತವೆ, ಐಕಾನ್‌ಗಳು ರೊಟ್ಟಿಯಷ್ಟಾಗುತ್ತವೆ. ಆಲ್ಟ್-ಟ್ಯಾಬ್ ಒತ್ತಿದರೆ ಮರಳಿ ಬರುವಾಗ ಪರದೆ ಕಪ್ಪು. ವೈನ್‌ನ ಸೆಟ್ಟಿಂಗ್ಸ್ ಕಿಟಕಿಯಾದ ವೈನ್‌ಸಿಎಫ್‌ಜಿ ತೆರೆದು ಗ್ರಾಫಿಕ್ಸ್ ಪುಟದಲ್ಲಿ ಎಮ್ಯುಲೇಟ್ ಎ ವರ್ಚುವಲ್ ಡೆಸ್ಕ್‌ಟಾಪ್ ಎಂಬುದಕ್ಕೆ ಟಿಕ್ ಮಾಡಿ, ಅಳತೆ 1024×768 ಕೊಡಿ. ಗೇಮ್ ತನ್ನ ಹಟವನ್ನೆಲ್ಲ ಆ ಡಬ್ಬಿಯೊಳಗೇ ತೀರಿಸಿಕೊಳ್ಳುತ್ತದೆ, ನಿಮ್ಮ ಮಾನಿಟರ್ ತಂಟೆಗೆ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ 17 ಇಂಚಿನ ಚೌಕ ಮಾನಿಟರ್ ಇದ್ದವರು ಅದರ ಸಹಜ ಅಳತೆ 1280×1024 ಎಂಬುದನ್ನು ನೆನಪಿಡಿ. ಗೇಮ್ ಕೇಳಿದಾಗ ಅದನ್ನೇ ಕೊಡಿ.

ಈಗಾಗಲೇ ಅಳತೆ ಕೆಟ್ಟು ಕೂತಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಮೊದಲಿನ ಅಳತೆ ಆರಿಸಿದರೆ ಮುಗಿಯಿತು. ಫಾರ್ಮ್ಯಾಟ್ ಮಾಡುವಂಥದ್ದೇನೂ ಆಗಿಲ್ಲ.

8. ಗೇಮಿಗೊಂದು ಗುಣ.

ವೈಸ್ ಸಿಟಿಯಲ್ಲಿ ಫ್ರೇಮ್ ಲಿಮಿಟರ್ ಆನ್ ಇರಲಿ. ಅದು ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಕಟ್ಟಿದ ಆಟ. ಲಿಮಿಟರ್ ತೆಗೆದರೆ ಚಿತ್ರ ನುಣುಪಾಗುತ್ತದೆ, ಆದರೆ ಗಾಡಿಗಳ ನಡತೆ ಕೆಡುತ್ತದೆ. ಆಮೇಲೆ ವೈನ್ ಸರಿಯಿಲ್ಲ ಎಂದು ಬೈಯುವುದು. ಸ್ಯಾನ್ ಆಂಡ್ರಿಯಾಸ್‌ಗೂ ಇದೇ ಮಾತು.

ಮೋಸ್ಟ್ ವಾಂಟೆಡ್ 2005ರದು, ಅಗಲ ಪರದೆ ಅದಕ್ಕೆ ಗೊತ್ತಿಲ್ಲ. ವೈಡ್‌ಸ್ಕ್ರೀನ್ ಫಿಕ್ಸ್ ಎಂಬ ಪ್ಯಾಚ್ ಸಿಗುತ್ತದೆ, ವಿಂಡೋಸ್‌ನಲ್ಲಿ ಫೋಲ್ಡರಿಗೆ ಹಾಕಿದರೆ ಸಾಕು. ವೈನ್‌ನಲ್ಲಿ ಸಾಲದು. ಪ್ಯಾಚಿನ ಜೊತೆ ಬರುವ ಡಿಇನ್‌ಪುಟ್8 ಫೈಲನ್ನು ವೈನ್ ಕಡೆಗಣಿಸಿ ತನ್ನದನ್ನೇ ಬಳಸುತ್ತದೆ. ವೈನ್‌ಸಿಎಫ್‌ಜಿಯ ಲೈಬ್ರರೀಸ್ ಪುಟದಲ್ಲಿ ಡಿಇನ್‌ಪುಟ್8 ಸೇರಿಸಿ, ನೇಟಿವ್ ಮೊದಲು, ಬಿಲ್ಟ್‌ಇನ್ ಆಮೇಲೆ ಎಂದು ಮಾಡಿ. ಪ್ಯಾಚ್ ಹಾಕಿದರೂ ಏನೂ ಬದಲಾಗಿಲ್ಲ ಎನ್ನುವವರ ತೊಂದರೆ ಬಹುತೇಕ ಇದೇ ಆಗಿರುತ್ತದೆ.

1999ರ ಏಜ್ ಆಫ್ ಎಂಪೈರ್ಸ್ 2 ಡೈರೆಕ್ಟ್‌ಡ್ರಾ ಎಂಬ ಇನ್ನೂ ಹಳೇ ದಾರಿಯದು. ಬಣ್ಣ ಕೆಟ್ಟರೆ, ಮೌಸ್ ಜಗ್ಗಿದರೆ ಸಿಎನ್‌ಸಿ-ಡಿಡ್ರಾ ಎಂಬ ಪುಟ್ಟ ಫೈಲನ್ನು ಗೇಮ್ ಫೋಲ್ಡರಿಗೆ ಹಾಕಿ, ಡಿಡ್ರಾಗೂ ಮೇಲಿನಂತೆಯೇ ನೇಟಿವ್ ಮೊದಲು ಎಂದು ಹೇಳಿ.

ಕೌಂಟರ್ ಸ್ಟ್ರೈಕ್ 1.6ಕ್ಕೆ ವೈನ್ ಯಾಕೆ? 2013ರಿಂದ ಸ್ಟೀಮ್‌ನಲ್ಲಿ ಅದರ ಲಿನಕ್ಸ್ ಆವೃತ್ತಿಯೇ ಇದೆ.

9. ಮೊದಲ ಹತ್ತು ನಿಮಿಷ ತಡವರಿಸಿದರೆ ಗಾಬರಿ ಬೇಡ.

ಡಿಎಕ್ಸ್‌ವಿಕೆ ಹೊಸ ದೃಶ್ಯ ಕಂಡಾಗಲೆಲ್ಲ ಅದರ ಶೇಡರ್ ತಯಾರಿಸಬೇಕು. ಅದೇ ಓಣಿಗೆ ಎರಡನೇ ಸಲ ಹೋದಾಗ ಜಗ್ಗದಿದ್ದರೆ ಎಲ್ಲ ಸರಿಯಿದೆ. ಸ್ಟೀಮ್ ಈ ಶೇಡರ್‌ಗಳನ್ನು ಮೊದಲೇ ಇಳಿಸಿಕೊಡುವ ಉಪಕಾರಕ್ಕೆ ಹೊರಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನದ ಡೇಟಾ ಎಣಿಸಿ ಬಳಸುವವರಿಗೆ ಅದು ಉಪಕಾರವಲ್ಲ. ಸೆಟ್ಟಿಂಗ್ಸ್‌ನಲ್ಲಿ ಶೇಡರ್ ಪ್ರೀ-ಕ್ಯಾಶಿಂಗ್ ಆರಿಸಿ.

10. ವಿಂಡೋಸ್‌ನ ಡಿ ಡ್ರೈವಿನಿಂದ ಗೇಮ್ ಓಡಿಸಬೇಡಿ.

ಎರಡೂ ಸಿಸ್ಟಮ್ ಇಟ್ಟುಕೊಂಡವರು ಮತ್ತೆ ಯಾಕೆ ಇಳಿಸುವುದು ಎಂದು ಎನ್‌ಟಿಎಫ್‌ಎಸ್ ಡ್ರೈವಿನಲ್ಲಿರುವ ಗೇಮನ್ನೇ ಸ್ಟೀಮ್‌ಗೆ ತೋರಿಸುತ್ತಾರೆ. ಪ್ರೋಟಾನ್ ಅಲ್ಲಿ ಬರೆಯಬೇಕಾದ ಕೆಲವು ಹೆಸರುಗಳಲ್ಲಿ ಕೋಲನ್ ಇರುತ್ತದೆ, ವಿಂಡೋಸ್‌ಗೆ ಅದು ನಿಷಿದ್ಧ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಲಿನಕ್ಸ್‌ನಲ್ಲಿ ಆ ಡ್ರೈವ್ ಬರೀ ಓದಲಷ್ಟೇ ತೆರೆಯುವುದೂ ಉಂಟು. ಗೇಮ್ ಏಳುವುದಿಲ್ಲ, ಬೈಗುಳ ಗ್ರಾಫಿಕ್ಸ್‌ಗೆ ಬೀಳುತ್ತದೆ. ಲಿನಕ್ಸ್‌ನ ಡ್ರೈವಿಗೆ ನಕಲು ಮಾಡಿಕೊಳ್ಳಿ.

11. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಗೇಮಿಗೆ ಬೇರೆ ಪ್ರಿಫಿಕ್ಸ್.

ಪ್ರಿಫಿಕ್ಸ್ ಎಂದರೆ ಆ ಗೇಮಿಗಾಗಿ ವೈನ್ ಕಟ್ಟಿಕೊಡುವ ಪುಟ್ಟ ವಿಂಡೋಸ್ ಮನೆ. ನಾಲ್ಕು ಗೇಮ್ ಒಂದೇ ಮನೆಯಲ್ಲಿದ್ದರೆ ಒಂದಕ್ಕೆ ಹಾಕಿದ ಮದ್ದು ಮೂರಕ್ಕೆ ಬೇನೆ. ಲೂಟ್ರಿಸ್ ಮತ್ತು ಅದರಂಥದೇ ಬಾಟಲ್ಸ್ ಬೇರೆ ಬೇರೆ ಮನೆ ಕೊಡುತ್ತವೆ. ಸ್ಟೀಮ್ ತಾನಾಗಿಯೇ ಕೊಡುತ್ತದೆ. ಕೆಟ್ಟ ಪ್ರಿಫಿಕ್ಸ್ ಅಳಿಸುವ ಮುಂಚೆ ಸೇವ್ ಫೈಲ್ ಎತ್ತಿಟ್ಟುಕೊಳ್ಳಿ. ಮತ್ತೆ, ವೈನನ್ನು ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರ ಕೊಟ್ಟು, ಓಡಿಸುವುದು ಯಾವತ್ತೂ ಬೇಡ. ಎಲ್ಲಿಂದಲೋ ಇಳಿಸಿದ ಕ್ರ್ಯಾಕ್ ಫೈಲಿನೊಳಗೆ ಏನಿದೆಯೋ, ಅದಕ್ಕೆ ಮನೆಯ ಕೀಲಿಕೈ ಕೊಟ್ಟಂತೆ.

ಯಾರನ್ನಾದರೂ ಕೇಳುವ ಮುಂಚೆ ಲಾಗ್ ತೆಗೆಯಿರಿ. ಪ್ರೋಟಾನ್ ಲಾಗ್ ಎಂಬ ಆಯ್ಕೆಗೆ 1 ಕೊಟ್ಟರೆ ಹೋಮ್ ಫೋಲ್ಡರಿನಲ್ಲಿ ಗೇಮ್ ನಂಬರಿನ ಹೆಸರಲ್ಲಿ ಫೈಲ್ ಹುಟ್ಟುತ್ತದೆ. ಉದ್ದ ನೋಡಿ ಹೆದರಬೇಡಿ. ನೋ ಅಡಾಪ್ಟರ್ಸ್ ಫೌಂಡ್ ಎಂದು ಹುಡುಕಿ. ಸಿಕ್ಕರೆ 3, 4, 5ನೇ ಸೂತ್ರಕ್ಕೆ ವಾಪಸ್ ಬನ್ನಿ. ಪ್ರೋಟಾನ್‌ಡಿಬಿಯಲ್ಲಿ ಬೇರೆಯವರ ಅನುಭವ ಓದುವಾಗ ಅವರ ಕಾರ್ಡ್ ಹೆಸರು ಮೊದಲು ನೋಡಿ. ಆರ್‌ಟಿಎಕ್ಸ್ ಇದ್ದವರು ಕೊಟ್ಟ ಪ್ಲಾಟಿನಂ ರೇಟಿಂಗ್ ನಮ್ಮ ಐ3ಗೆ ಅನ್ವಯಿಸುವುದಿಲ್ಲ.

12. ದುಡ್ಡು ಹಾಕುವುದಾದರೆ ಮೊದಲು ರ್‍ಯಾಮ್‌ಗೆ ಹಾಕಿ.

ಒಳಚಿಪ್ಪಿಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮ್‌ನಿಂದಲೇ ಎರವಲು. ಒಂದೇ ಕಡ್ಡಿ ಇದ್ದರೆ ದಾರಿ ಒಂದೇ. ಜೋಡಿ ಕಡ್ಡಿ ಹಾಕಿದರೆ ದಾರಿ ಎರಡು, ಒಳಚಿಪ್ಪಿನ ಗೇಮಿಗೆ ಇದು ನೇರ ಲಾಭ. 8 ಜಿಬಿ ಬೇಕೆಂದರೆ 4ರ ಎರಡು ಕಡ್ಡಿ ಕೇಳಿ. ಇನ್ನು ನಮ್ಮ ಧೂಳು. ಅರ್ಧ ಗಂಟೆ ಚೆನ್ನಾಗಿ ಓಡಿ ಆಮೇಲೆ ಫ್ರೇಮ್ ಕುಸಿದರೆ, ಅದರಲ್ಲೂ ಏಪ್ರಿಲ್-ಮೇ ಮಧ್ಯಾಹ್ನ, ಮುಚ್ಚಳ ಬಿಚ್ಚಿ ಫ್ಯಾನ್ ಸ್ವಚ್ಛ ಮಾಡಿ, ಪ್ರೊಸೆಸರಿನ ಒಣಗಿದ ಪೇಸ್ಟ್ ಬದಲಿಸಿ.

13. ಗ್ರಾಫಿಕ್ಸ್ ಅಲ್ಲದ್ದಕ್ಕೆ ಗ್ರಾಫಿಕ್ಸ್ ಮದ್ದು ಬೇಡ.

ವ್ಯಾಲರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಅದರ ವ್ಯಾನ್‌ಗಾರ್ಡ್ ಎಂಬ ಕಾವಲು ತಂತ್ರಾಂಶ ವಿಂಡೋಸ್ ಕರ್ನಲ್‌ನೊಳಗೇ ಕೂರಬೇಕು. ಫೋರ್ಟ್‌ನೈಟ್‌ಗೂ ಅದರ ಕಂಪನಿ ಬಾಗಿಲು ತೆರೆದಿಲ್ಲ. ಇವುಗಳ ಕಪ್ಪು ಪರದೆಗೆ ಡ್ರೈವರ್ ಬದಲಿಸುತ್ತಾ ಭಾನುವಾರ ಕಳೆಯಬೇಡಿ. ಬಿಜಿಎಂಐ ಮೊಬೈಲ್ ಗೇಮ್. ಅದಕ್ಕೂ ವೈನ್‌ಗೂ ಸಂಬಂಧವೇ ಇಲ್ಲ, ಫೋನಿನಲ್ಲೇ ಆಡಿ.